ಕಾಲು ಸುತ್ತು

ಜೀಪು ಶಾಂತಿಗ್ರಾಮ ದಾಟುವ ಹೊತ್ತಿಗೆ, ತನ್ನ ತೊಡೆಯ ಮೇಲಿದ್ದ ಕ್ಯಾಮೆರಾದ ಮುಂದಿನ ಉಂಗುರ ತಪ್ಪು ಕಡೆಗೆ ತಿರುಗಿದೆ ಎಂಬುದು ಸ್ನೇಹಲತಾಗೆ ಖಾತ್ರಿಯಾಯಿತು. ಹೆಚ್ಚೇನಲ್ಲ, ಕಾಲು ಸುತ್ತು. ಗಂಡ ಮಂಜುನಾಥ ಕಳಿಸಿದ್ದ ಮೆಸೇಜು ನೋಡಲು ಮೊಬೈಲು ಎತ್ತಿದಾಗ ಪರದೆ ಆಕಸ್ಮಿಕವಾಗಿ, ಕ್ಯಾಮೆರಾಕ್ಕಿಂತ ಅಗಲವಾದ ಉಂಗುರದ ಗಾಜಿನ ಅಂಚಿನ ಹಿಂದೆ ಬಂದಿತ್ತು. ಉಂಗುರ ಸರಿಯಿದ್ದಿದ್ದರೆ ಪರದೆ ಕತ್ತಲಾಗಬೇಕಿತ್ತು, ಅಕ್ಷರಗಳು ಬೆಳ್ಳಗೆ ಓದುವ ಹಾಗಿದ್ದವು. ಅವಳು ಇನ್ನೊಮ್ಮೆ ಹಿಡಿದು ನೋಡಿದಳು. ಮತ್ತೆ ಅದೇ. ಮೆಸೇಜಿನಲ್ಲಿ ಏನು ಬರೆದಿತ್ತೆಂಬುದು ಮಾತ್ರ ತಲೆಗೆ ಹೋಗಲಿಲ್ಲ. ಉಂಗುರ ತಿರುಗಿಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ನಿನ್ನೆ ಸಂಜೆ ಹಾಸನದ ಕಾಲೇಜಿನ ಪ್ರಯೋಗಾಲಯಕ್ಕೆ ಪತ್ರಿಕೆಯವರು ಬಂದಾಗ, ಮುಂದಿನ ಸೀಟಿನಲ್ಲಿ ಈಗ ಚಾಲಕನಿಗೆ ರಸ್ತೆ ಹೇಳುತ್ತ ಕೂತಿರುವ ವಿಭಾಗದ ಮುಖ್ಯಸ್ಥ ಕೀರ್ತಿರಾಜ್, ಉಂಗುರವನ್ನು ಎರಡು ಬೆರಳಲ್ಲಿ ಹಿಡಿದು, ಬಹಳ ಸೂಕ್ಷ್ಮವಾದ ಏನನ್ನೋ ಸರಿಪಡಿಸುವವನ ಹಾಗೆ ಹುಬ್ಬು ಗಂಟಿಕ್ಕಿ ತಿರುಗಿಸಿ, ಫೋಟೋ ತೆಗೆದು ಮುಗಿಯುವವರೆಗೆ ಹಾಗೇ ನಿಂತಿದ್ದ. ಬೆಳಿಗ್ಗೆ ಹೊರಡುವ ಮುಂಚೆ ಸಂಶೋಧನಾ ವಿದ್ಯಾರ್ಥಿನಿ ತೇಜಶ್ರೀ ಒಮ್ಮೆ ಪರೀಕ್ಷೆ ಮಾಡಲೇ ಎಂದು ಕೇಳಿದ್ದಳು. "ಬೇಡಮ್ಮ, ನಾನೇ ನೋಡಿಟ್ಟಿದೀನಿ. ಯಾರೂ ಮುಟ್ಟಬೇಡಿ," ಎಂದಿದ್ದ. ತೇಜಶ್ರೀ ಈಗ ಪಕ್ಕದಲ್ಲಿ ಕೇಬಲಿನ ಸುರುಳಿ ಅಪ್ಪಿಕೊಂಡು ನಿದ್ದೆ ಹೋಗಿದ್ದಳು. ಅರಕಲಗೂಡಿನಿಂದ ಮೊದಲ ಬಸ್ಸು ಹಿಡಿದು ಬಂದವಳು. ಬಾಯಿ ಸ್ವಲ್ಪ ತೆರೆದಿತ್ತು.

ಹೇಳಬಹುದಿತ್ತು. "ಸರ್, ಉಂಗುರ ತಿರುಗಿದೆ" ಎಂದರೆ ಮುಗಿಯುತ್ತಿತ್ತು. ಅವನು ಹಿಂತಿರುಗದೆಯೇ "ಹೌದಾ, ಸರಿ ಮಾಡು" ಎನ್ನುತ್ತಿದ್ದ, ಕಿಟಕಿಯ ಗಾಜು ಏರಿಸು ಎಂದ ಹಾಗೆ. ಆಮೇಲೆ ಅವರು ಹೊರಟಿದ್ದ ಊರಿನ ಕೆರೆಯ ಏರಿಯ ಮೇಲೆ, ನೀರಿನೊಳಗಿನ ಕಲ್ಲಿನ ಬಿರುಕು ಪರದೆಯಲ್ಲಿ ಕಂಡಾಗ ಊರವರು ಅವನಿಗೆ ಹಾರ ಹಾಕುತ್ತಿದ್ದರು, ನಾಳೆ ಪತ್ರಿಕೆಯಲ್ಲಿ ಅವನ ಬೆರಳೂ ಉಂಗುರವೂ ಬರುತ್ತಿದ್ದವು. ಮನಸ್ಸಿನಲ್ಲಿ ಅವಳು ಅವನನ್ನು ಏಕವಚನದಲ್ಲೇ ಕರೆಯುತ್ತ ಬಂದು ವರ್ಷಗಳಾಗಿದ್ದವು. ಬಾಯಲ್ಲಿ ಸರ್, ಒಳಗೆ ಅವನು. ಒಳಗಿನದು ಯಾವತ್ತೋ ಒಂದು ದಿನ ಬಾಯಿಗೆ ಬಂದುಬಿಟ್ಟೀತು ಎಂಬ ಹೆದರಿಕೆಯಲ್ಲಿ ಅವನೆದುರು ಅವಳ ಮಾತು ಗಿಡ್ಡವಾಗುತ್ತ ಹೋಗಿ, ಈಗ ಹೂಂ, ಆಯ್ತು, ಸರಿ ಎಂಬಲ್ಲಿಗೆ ನಿಂತಿತ್ತು. ಸಹೋದ್ಯೋಗಿಗಳು ಅದನ್ನು ವಿನಯ ಎಂದುಕೊಂಡಿದ್ದರು.

ಕೆಸರು ನೀರಿಗೆ ದೀಪ ಬಿಟ್ಟರೆ ಕೆಸರೇ ಹೊಳೆದು ಕಣ್ಣು ಕಟ್ಟುತ್ತದೆ. ಮಂಜಿನಲ್ಲಿ ಲಾರಿಯವರು ಹೈಬೀಮ್ ಹಾಕಿದರೆ ಮಂಜಷ್ಟೇ ಕಾಣುವ ಹಾಗೆ. ಆದರೆ ದೀಪದ ಮುಂದೆ ಬೆಳಕನ್ನು ಸೋಸುವ ಒಂದು ಪಾರದರ್ಶಕ ಹಾಳೆಯಿಟ್ಟು, ಬೆಳಕು ಒಂದೇ ದಿಕ್ಕಿನಲ್ಲಿ ಅದುರುವಂತೆ ಮಾಡಿ ಕಳಿಸಿದರೆ, ಕೆಸರಿನ ಕಣಗಳನ್ನು ಮುಟ್ಟಿ ವಾಪಸಾಗುವ ಬೆಳಕು ಬಹುಪಾಲು ಅದೇ ದಿಕ್ಕನ್ನು ಉಳಿಸಿಕೊಂಡು ಬರುತ್ತದೆ. ಹಿಂದಿರುವ ಕಲ್ಲನ್ನೋ ಗೋಡೆಯನ್ನೋ ಮುಟ್ಟಿದ್ದು ದಿಕ್ಕು ಕಳೆದುಕೊಂಡು ಬರುತ್ತದೆ. ಕ್ಯಾಮೆರಾದ ಮುಂದಿನ ಉಂಗುರದಲ್ಲಿ ಇನ್ನೊಂದು ಹಾಳೆಯನ್ನು ಅಡ್ಡಲಾಗಿ ಕೂರಿಸಿದರೆ ಕೆಸರಿನ ಬೆಳಕು ಅಲ್ಲೇ ತಡೆದು ನಿಲ್ಲುತ್ತದೆ, ಕಲ್ಲಿನದು ಅರ್ಧವಾದರೂ ಒಳಗೆ ಬರುತ್ತದೆ. ಚಿತ್ರ ಕಪ್ಪಾಗುತ್ತದೆ; ಆದರೆ ಆ ಕಪ್ಪಿನಲ್ಲಿ ಕಲ್ಲು ಇರುತ್ತದೆ. ಹಾಳೆ ಅಡ್ಡಕ್ಕಿರುವ ಬದಲು ಉದ್ದಕ್ಕಿದ್ದರೆ ಕೆಸರಿನದೆಲ್ಲ ಒಳಗೆ, ಪರದೆ ಪೂರ್ತಿ ಬಿಳಿ. ಇಷ್ಟೇ. ಇಷ್ಟನ್ನು ಅವಳು ಪಿಎಚ್‌.ಡಿ. ಮಾಡುವ ಕಾಲದಲ್ಲಿ ಗಾಜಿನ ತೊಟ್ಟಿಯ ನೀರಿಗೆ ಹಾಲು ಬೆರೆಸಿ ಬೆರೆಸಿ ಕಂಡುಕೊಂಡಿದ್ದಳು. ಹಾಲು ಹುಳಿಯಾಗಿ ಕೋಣೆಯೆಲ್ಲ ವಾಸನೆ. ತೊಟ್ಟಿಯ ಆಚೆ ಅವಳಿಟ್ಟದ್ದು ಊಟದ ಡಬ್ಬಿಯ ಚಮಚ. ಮೊದಲ ಸಲ ಆ ಬಿಳಿಯೊಳಗಿಂದ ಚಮಚದ ಕುತ್ತಿಗೆ ಕಪ್ಪಗೆ ಎದ್ದು ಬಂದಾಗ ಅವಳು ಯಾರನ್ನೂ ಕರೆಯಲಿಲ್ಲ. ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಮದುವೆಯಾದಾಗಲೂ ಮಗಳು ವರ್ಷಾ ಹುಟ್ಟಿದಾಗಲೂ ಅಂಥ ನಿಶ್ಶಬ್ದ ತನ್ನೊಳಗೆ ಆಗಲಿಲ್ಲ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ಚಮಚ ಆಮೇಲೆ ಮೈಸೂರಿನ ಒಂದು ಸಮ್ಮೇಳನದ ಪರದೆಯ ಮೇಲೆ ಮಂಚದಷ್ಟು ದೊಡ್ಡದಾಗಿ ಬಂತು. ಕೆಳಗೆ ಕೀರ್ತಿರಾಜ್ ಹೆಸರೊಂದೇ. ಅವಳು ಹಿಂದಿನ ಸಾಲಿನಲ್ಲಿದ್ದಳು. ಯಾರೋ ಈ ತೊಟ್ಟಿ ಇಷ್ಟು ಸ್ವಚ್ಛವಾಗಿ ಹೇಗಿಟ್ಟಿರಿ ಎಂದು ಕೇಳಿದಾಗ ಅವನು ಕೈಯೆತ್ತಿ ಅವಳನ್ನು ತೋರಿಸಿ, "ನಮ್ಮ ಹುಡುಗಿ, ಗಾಜು ತೊಳೆಯೋದರಲ್ಲಿ ಎತ್ತಿದ ಕೈ," ಎಂದ. ಸಭೆ ನಕ್ಕಿತು. ಅವಳೂ ನಕ್ಕಳು. ಆ ನಗು ಈಗಲೂ ಒಮ್ಮೊಮ್ಮೆ, ಪಾತ್ರೆ ತೊಳೆಯುವಾಗ, ಅವಳ ಮುಖದ ಮೇಲೆ ತಾನಾಗಿಯೇ ಬಂದು ಕೂರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹಾಸನದಲ್ಲಿ ಅವನಿಗೆ ಸನ್ಮಾನವಾದ ದಿನ ಹೊಳೆನರಸೀಪುರದಿಂದ ಅವಳ ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮಗಳ ಕೆಲಸಕ್ಕೆ ಸನ್ಮಾನ ಎಂದುಕೊಂಡು ಬಂದವರು. ವೇದಿಕೆಯಿಂದ ಇಳಿದವನನ್ನು ತಡೆದು "ಇದ್ರಲ್ಲಿ ನಮ್ಮ ಹುಡುಗೀದು ಯಾವ್ದು ಸಾ?" ಎಂದು ಕೇಳಿದರು. "ತುಂಬಾ ಸಹಾಯ ಮಾಡಿದಾಳೆ ಅಮ್ಮಾ, ಒಳ್ಳೆ ಹುಡುಗಿ," ಎಂದ. ಅಮ್ಮ ಅವನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಬಸ್‌ ಸ್ಟ್ಯಾಂಡಿಗೆ ಹೋಗುವಾಗ ಅಮ್ಮ ಏನೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಹಗುರಾಗುತ್ತಿದ್ದಳು. ಕೇಳದೆ ಇದ್ದುದರಿಂದ ಅದು ಅಲ್ಲೇ ಉಳಿಯಿತು.

ಸ್ನೇಹಲತಾ ಕ್ಯಾಮೆರಾಕ್ಕೆ ಬಟ್ಟೆ ಸುತ್ತಿ ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡಳು.

ಚನ್ನರಾಯಪಟ್ಟಣ ಕಳೆದು ಬಾಗೂರಿನ ಕಡೆ ಹೊರಳಿ, ಮಾಚನಕಟ್ಟೆ ಊರು ಮುಟ್ಟಿದಾಗ ಕೆರೆಯ ಏರಿಯ ಮೇಲೆ ಆಗಲೇ ಜನ ಇದ್ದರು. ಕೆರೆ ಕೋಡಿಯ ಮಟ್ಟಕ್ಕೆ ಸ್ವಲ್ಪ ಕೆಳಗೆ, ರಾಗಿ ಗಂಜಿಯ ಬಣ್ಣದಲ್ಲಿ ನಿಂತಿತ್ತು. ತೊಂದರೆ ಇದ್ದದ್ದು ತೂಬಿನಲ್ಲಿ. ನೀರಿನೊಳಗೆ, ಗದ್ದೆಗೆ ನೀರು ಹೋಗುವ ಆ ಹಳೆಯ ಕಲ್ಲಿನ ಬಾಯಿಯ ಹತ್ತಿರ ಎಲ್ಲೋ ಬಿರುಕು ಬಿಟ್ಟು, ಏರಿಯ ಹಿಂಬದಿ ಒದ್ದೆಯಾಗಿ ಮಣ್ಣು ಹಿಟ್ಟಿನ ಹಾಗೆ ಜಾರತೊಡಗಿತ್ತು. ಬಿರುಕು ಎಲ್ಲಿದೆಯೆಂದು ಗೊತ್ತಾದರೆ ಮರಳಿನ ಮೂಟೆ ಇಳಿಸಿ ಮುಚ್ಚಬಹುದು. ಗೊತ್ತಾಗದಿದ್ದರೆ ಏರಿ ಒಡೆಯುವ ಮುಂಚೆ ತೂಬಿನ ಕದ ಪೂರ್ತಿ ಎತ್ತಿ ಕೆರೆಯನ್ನೇ ಬರಿದು ಮಾಡಬೇಕು. ಇದನ್ನು ಅವರಿಗೆ ವಿವರಿಸಿದವನು ಅಲ್ಲಿಯ ಎಂಜಿನಿಯರ್ ಶಿವಕುಮಾರ್. ಕಣ್ಣು ಕೆಂಪಾಗಿದ್ದ, ಮಾತು ಮಾತಿಗೆ ಮೋಡ ನೋಡುತ್ತಿದ್ದ ಮನುಷ್ಯ. "ಇವತ್ತು ಕಾಣಲಿಲ್ಲ ಅಂದ್ರೆ ಇವತ್ತೇ ಎತ್ತಿಸ್ತೀನಿ ಸರ್. ಮೇಲ್ಗಡೆ ಮಳೆ ಬಂದು ನೀರು ಏರಿದ್ರೆ ಊರು ಉಳಿಯಲ್ಲ. ಕದ ತುಕ್ಕು ಹಿಡಿದು ಕೂತಿದೆ. ಒಂದ್ಸಲ ಎತ್ತಿದ್ರೆ ಮತ್ತೆ ಕೂರೋ ನಂಬಿಕೆ ಇಲ್ಲ," ಎಂದ. ಕೀರ್ತಿರಾಜ್ ಅವನ ಹೆಗಲ ಮೇಲೆ ಕೈಯಿಟ್ಟು, "ಕಾಣತ್ತೆ ರೀ. ಕಾಣದೆ ಎಲ್ಲಿ ಹೋಗತ್ತೆ," ಎಂದ.

ಏರಿಯ ಕೆಳಗೆ ಕಣ್ಣು ಹೋದಷ್ಟು ದೂರ ಭತ್ತ. ಹೊಡೆ ಕಟ್ಟಿ ನಿಂತ, ಇನ್ನೇನು ತೆನೆ ಈಚೆಗೆ ಬರಬೇಕೆನ್ನುವ ಭತ್ತ. ಹಾಲುಗಟ್ಟುವ ಈ ಕಾಲದಲ್ಲಿ ನೀರು ನಿಂತುಹೋದರೆ ಜೊಳ್ಳಾಗುತ್ತದೆ ಎಂಬುದು ಸ್ನೇಹಲತಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ತಂದೆಯ ಗದ್ದೆಯೂ ಹೇಮಾವತಿ ಕಾಲುವೆಯ ಕೆಳಗೇ ಇದ್ದದ್ದು. ಹುಣಸೆ ಮರದ ನೆರಳಿನಲ್ಲಿ ಒಬ್ಬಳು ಹೆಂಗಸು ಸ್ಟೀಲಿನ ಲೋಟಗಳಲ್ಲಿ ಮಜ್ಜಿಗೆ ಕೊಡುತ್ತಿದ್ದಳು. ಪುಟ್ಟಲಕ್ಷ್ಮಮ್ಮ. ಗದ್ದೆಬಯಲಿನ ಕಟ್ಟಕಡೆಯ ತಾಕು ಅವಳದು. ಕೆರೆ ತುಂಬಿದ್ದರೂ ಅಲ್ಲಿಗೆ ನೀರು ಮುಟ್ಟುವುದು ಎಲ್ಲರದೂ ಆದ ಮೇಲೆ. ಗಂಡ ಚೆಲುವಯ್ಯ ಈ ಕೆರೆಯ ನೀರುಗಂಟಿ, ಗದ್ದೆ ಗದ್ದೆಗೆ ನೀರು ಹಂಚಿ ಬಿಡುವವನು. ಎರಡು ಸಲ ಮುಳುಗಿ ಕೈಯಾಡಿಸಿ ನೋಡಿ ಏನೂ ಸಿಗದೆ ಮೇಲೆ ಬಂದು, ಈಗ ತೂಬಿನ ಕಟ್ಟೆಯ ಮೇಲೆ ಒದ್ದೆ ಚಡ್ಡಿಯಲ್ಲಿ ಕೂತಿದ್ದ.

"ತಕಳವ್ವ, ಕುಡಿ," ಎಂದು ಪುಟ್ಟಲಕ್ಷ್ಮಮ್ಮ ಲೋಟ ನೀಡಿದಳು. "ನೀನೂ ಆ ಸಾವ್ಕಾರ್ರ ಜೊತೆಯೋಳಾ?"

"ಅವರು ಸಾಹುಕಾರರಲ್ಲ, ಮೇಷ್ಟ್ರು."

"ನೋಡಕ್ಕೆ ಅಂಗವ್ರೆ." ಅವಳು ಬಟ್ಟೆ ಸುತ್ತಿದ ಕ್ಯಾಮೆರಾ ನೋಡಿದಳು. "ಇದ್ರಾಗೆ ನೀರೊಳಗಿಂದು ಕಾಣ್ತದಾ?"

"ಕಾಣ್ತದೆ," ಎಂದಳು ಸ್ನೇಹಲತಾ. ಆ ಮಾತು ಬಾಯಿಂದ ಬಹಳ ಸಲೀಸಾಗಿ ಬಂತು.

"ಕಾಣ್ಲಿ ಕಣವ್ವ. ಓದ್ವರ್ಸ ಬೆಂಕಿರೋಗ ಬಂದು ಓಯ್ತು. ಈ ವರ್ಸ ಎಂಗೋ ನಿಂತದೆ." ಅಷ್ಟು ಹೇಳಿ ಖಾಲಿ ಲೋಟ ಇಸಿದುಕೊಂಡು ಬೇರೆಯವರ ಕಡೆ ಹೋದಳು. ಮಜ್ಜಿಗೆಯಲ್ಲಿ ಹಸಿಮೆಣಸಿನಕಾಯಿ ಜಾಸ್ತಿಯಾಗಿತ್ತು. ನಾಲಿಗೆ ಉರಿಯುತ್ತಲೇ ಇತ್ತು.

ಈಗಲೂ ತಿರುಗಿಸಬಹುದಿತ್ತು. ಬಟ್ಟೆ ಬಿಚ್ಚುವಾಗ ಯಾರಿಗೂ ಗೊತ್ತಾಗದ ಹಾಗೆ ಹೆಬ್ಬೆರಳಿನಿಂದ ಒಂದು ತಳ್ಳು. ಬಿಚ್ಚಿದಳು. ಹೆಬ್ಬೆರಳು ಉಂಗುರದ ಮೇಲೇ ಇತ್ತು. ಆಗ ಕೀರ್ತಿರಾಜ್ ಏರಿಯ ಜನಕ್ಕೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪಿನ ಪಕ್ಕ ನಿಂತು, "ಈ ವಿದ್ಯೆ ನನಗೆ ಹೊಳೆದದ್ದು ಹೇಗೆ ಅಂದರೆ, ಒಂದು ದಿನ ಹಾಲಿನ ಲೋಟದಲ್ಲಿ ಚಮಚ ಬಿದ್ದಿತ್ತು," ಎಂದು ಹೇಳುತ್ತಿರುವುದು ಕೇಳಿಸಿತು. ಅವಳು ಕ್ಯಾಮೆರಾವನ್ನು ಹಾಗೆಯೇ ತೇಜಶ್ರೀಯ ಕೈಗೆ ಕೊಟ್ಟಳು. ಕೈಬೆರಳ ತುದಿಗಳು ತಣ್ಣಗಾದವು. ಸಿಟ್ಟು ಬಿಸಿ ಎನ್ನುತ್ತಾರೆ; ಇದು ಬಾವಿಯ ಮೆಟ್ಟಿಲಿನ ಹಾಗೆ ತಂಪಾಗಿತ್ತು, ಕಾಲಿಟ್ಟಷ್ಟೂ ಕೆಳಗಿನ ಮೆಟ್ಟಿಲು ಸಿಗುತ್ತಿತ್ತು.

ಕಬ್ಬಿಣದ ಕೊಳವೆಗೆ ಕ್ಯಾಮೆರಾ ಕಟ್ಟಿ, ಎರಡು ಬದಿಗೂ ದೀಪ ಸಿಕ್ಕಿಸಿ, ಚೆಲುವಯ್ಯನೂ ತೇಜಶ್ರೀಯೂ ತೂಬಿನ ಕಟ್ಟೆಯಿಂದ ನಿಧಾನ ಕೆಳಕ್ಕೆ ಬಿಟ್ಟರು. ಶಿವಕುಮಾರ್ ಕೊಡೆ ಹಿಡಿದು ಪರದೆಗೆ ನೆರಳು ಮಾಡಿದ. ಜನ ಕತ್ತು ಚಾಚಿದರು. ಪರದೆಯಲ್ಲಿ ಬಂದದ್ದು ಬಿಳಿ. ಕಲಕಿದ ಸುಣ್ಣದ ನೀರಿನಂಥ, ಎಲ್ಲಿಯೂ ಕೊನೆಯಿಲ್ಲದ ಬಿಳಿ. ಕೀರ್ತಿರಾಜ್ ಇನ್ನಷ್ಟು ಕೆಳಗೆ ಎಂದ. ಬಿಳಿ. ಎಡಕ್ಕೆ ಎಂದ. ಬಿಳಿ. ದೀಪ ಜಾಸ್ತಿ ಮಾಡಿ ಎಂದ. ಬಿಳಿ ಇನ್ನೂ ಬೆಳ್ಳಗಾಯಿತು. ಅವನ ಕತ್ತಿನ ಹಿಂದೆ, ಕಾಲರಿನ ಮೇಲೆ, ಬೆವರಿನ ಒಂದು ಗೆರೆ ಮೂಡಿದ್ದನ್ನು ಸ್ನೇಹಲತಾ ಹಿಂದಿನಿಂದ ನೋಡುತ್ತಿದ್ದಳು. ಇಷ್ಟು ವರ್ಷ ಅವನ ಹಿಂದೆಯೇ ನಿಂತದ್ದರ ಫಲವೆಂದರೆ ಆ ಕತ್ತು ಅವಳಿಗೆ ಗೊತ್ತಿತ್ತು. ಅದು ಕೆಂಪಾಗುವ ಬಗೆ, ಅಲ್ಲಿ ಕೂದಲಿಗೆ ಬಣ್ಣ ಹಚ್ಚದೆ ಬಿಟ್ಟ ಜಾಗ.

ಅವನು ಅವಳ ಕಡೆ ತಿರುಗಿದ. ಎಲ್ಲರಿಗೂ ಕೇಳಿಸುವ ಹಾಗೆ, ತುಸು ನಗುತ್ತ, "ಏನಮ್ಮ, ಎಲ್ಲಾ ಸರಿ ಇದೆ ತಾನೇ?" ಎಂದ.

ಆ ನಗುವಿನ ಕೆಳಗೆ ಹೆದರಿಕೆಯಿತ್ತು. ಅದನ್ನು ಕಂಡದ್ದು ಅವಳೊಬ್ಬಳೇ.

"ಸರಿ ಇದೆ ಸರ್," ಎಂದಳು ಸ್ನೇಹಲತಾ.

ಅಷ್ಟು ಹೊತ್ತು ಅವಳು ಮಾಡಿದ್ದು ಸುಮ್ಮನಿರುವುದಾಗಿತ್ತು. ಸುಮ್ಮನಿರುವವರನ್ನು ಯಾರೂ ಹಿಡಿದು ಕೇಳುವುದಿಲ್ಲ. ಈಗ ಮಾತು ಹೊರಗೆ ಬಿದ್ದಿತ್ತು. ಪುಟ್ಟಲಕ್ಷ್ಮಮ್ಮ ಪರದೆಯ ಹತ್ತಿರ ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ಕಣ್ಣೇ ಮಂಜಾಗಿದೆಯೇನೋ ಎಂಬಂತೆ ಬಗ್ಗಿ ನೋಡುತ್ತಿದ್ದಳು. ಸ್ನೇಹಲತಾ ಅತ್ತ ನೋಡಲಿಲ್ಲ. ಅವಳಿಗೆ ಅವನ ಮುಖ ಬೇಕಿತ್ತು. ಊರಿನ ಜನರೆದುರು, ಎಂಜಿನಿಯರ್ ಎದುರು ಅದು ಕಳಚಿ ಬೀಳುವುದನ್ನು ನೋಡಬೇಕಿತ್ತು.

ಕಳಚಲಿಲ್ಲ. ಕೀರ್ತಿರಾಜ್ ಒಂದು ಕ್ಷಣ ತಲೆ ತಗ್ಗಿಸಿ, ಮತ್ತೆ ಎತ್ತಿದಾಗ ಅದು ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ಎಬ್ಬಿಸಿ ನಿಲ್ಲಿಸುವ ಮುಖವಾಗಿತ್ತು. "ತೇಜಶ್ರೀ," ಎಂದ. "ನಿನ್ನೆ ಹಾಳೆಗಳನ್ನ ಕೂಡಿಸಿದ್ದು ಯಾರು?"

"ನಾನೇ ಸರ್. ಆದ್ರೆ ಆಮೇಲೆ..."

"ಆಮೇಲೆ ಗೀಮೇಲೆ ಬೇಡ. ಪರೀಕ್ಷೆ ಮಾಡಿದ್ಯಾ ಬೆಳಿಗ್ಗೆ?"

"ನೀವು ಮುಟ್ಟಬೇಡಿ ಅಂದ್ರಿ ಸರ್."

"ನಾನು ಅಂದ್ನಾ?" ಅವನು ಶಿವಕುಮಾರನ ಕಡೆ ತಿರುಗಿ, ದುಃಖಪಡುವವನ ಹಾಗೆ ನಕ್ಕ. "ನೋಡಿ ಇವರೇ, ಇಂಥ ಮಕ್ಕಳನ್ನ ಕಟ್ಟಿಕೊಂಡು ನಾವು ವಿಜ್ಞಾನ ಮಾಡಬೇಕು. ಬೇಜವಾಬ್ದಾರಿ. ಇವರ ಒಂದು ತಪ್ಪಿಗೆ ಊರಿನ ಬೆಳೆ ಹೋಗತ್ತೆ."

ಜನರ ಕಣ್ಣುಗಳು ತೇಜಶ್ರೀಯ ಮೇಲೆ ಹೋದವು. ಹಿಂದಿನಿಂದ ಒಬ್ಬ, "ಕಾಲೇಜು ಐಕ್ಳು ಕೈಗೆ ಕೊಟ್ಬುಟ್ರೆ ಇನ್ನೇನಾದದು," ಎಂದ. ತೇಜಶ್ರೀ ಕೊಳವೆ ಹಿಡಿದೇ ನಿಂತಿದ್ದಳು. ಅವಳು ಅಳಲಿಲ್ಲ. ಅವಳು ನಕ್ಕಳು. ಸಣ್ಣಗೆ, ತುಟಿಯ ಒಂದು ಬದಿಯಲ್ಲಿ, ಇದ್ದವರಿಗೆಲ್ಲ ಕ್ಷಮೆ ಕೇಳುವ ಹಾಗೆ. ಕೀರ್ತಿರಾಜನಿಗೆಂದು ಸ್ನೇಹಲತಾ ಬಿಟ್ಟದ್ದು ಅವನನ್ನು ಸವರಿಕೊಂಡು ಹೋಗಿ ಈ ಹುಡುಗಿಯ ಮೇಲೆ ಬಿದ್ದಿತ್ತು, ಯಾವಾಗಲೂ ಬೀಳುವ ಜಾಗದಲ್ಲೇ. ಇವತ್ತೂ ಅವನೇ ಗೆಲ್ಲುತ್ತಾನೆ. ಅನುಕಂಪಕ್ಕಿಂತ ಮುಂಚೆ ಅವಳಿಗೆ ಬಂದದ್ದು ಆ ಯೋಚನೆ. ಹುಡುಗಿಗಾಗಿ ತಾನು ಮಾತಾಡಿದೆ ಎಂದು ಆಮೇಲೆ ಯಾರಾದರೂ ಹೊಗಳಿದರೆ ಅದು ಸುಳ್ಳಾಗುತ್ತದೆ ಎಂದು ಕೂಡ ಆ ಕ್ಷಣದಲ್ಲಿ ಹೊಳೆಯಿತು.

ಶಿವಕುಮಾರ್ ಕೊಡೆ ಮಡಿಸಿದ. ಕಟ್ಟೆಯ ಮೇಲಿನ ಕದದ ಚಕ್ರಕ್ಕೆ ಎಣ್ಣೆ ಬಿಡಲು ಅವನ ಕೆಲಸಗಾರರಿಬ್ಬರು ಹೊರಟರು.

"ಒಂದು ನಿಮಿಷ," ಎಂದಳು ಸ್ನೇಹಲತಾ. ಸ್ವರ ತನ್ನದಲ್ಲವೆನ್ನಿಸುವಷ್ಟು ಗಟ್ಟಿಯಾಗಿತ್ತು. "ತೇಜಶ್ರೀ ತಪ್ಪಿಲ್ಲ. ಅವಳು ಸರಿಯಾಗಿಯೇ ಕೂಡಿಸಿದ್ದಳು. ನಿನ್ನೆ ಫೋಟೋ ತೆಗೆಯುವಾಗ ಸರ್ ಉಂಗುರ ತಿರುಗಿಸಿದರು. ಅದು ಹಾಗೇ ಇದೆ."

ಕೀರ್ತಿರಾಜ್, "ಮತ್ತೆ ಸರಿ ಇದೆ ಅಂದ್ಯಲ್ಲ ಈಗ?" ಎಂದ.

"ಅಂದೆ."

"ಬೇಕಂತ?"

"ಉಂಗುರ ತಿರುಗಿಸಿದರೆ ಸರಿಹೋಗತ್ತೆ," ಎಂದು ಶಿವಕುಮಾರನಿಗೆ ಹೇಳಿದಳು. "ಸರ್ ಅವರೇ ತಿರುಗಿಸಲಿ. ಅವರು ಕಂಡುಹಿಡಿದದ್ದು."

ಕ್ಯಾಮೆರಾ ಮೇಲೆತ್ತಿದರು. ತೂಬಿನ ಕಟ್ಟೆಗೆ ಹೊಂದಿದ ಹಳೆಯ ಮೆಟ್ಟಿಲಿನ ಪಕ್ಕ, ಮೊಣಕಾಲುದ್ದದ ಕಲಕು ನೀರಿನಲ್ಲೇ, ಉಂಗುರಕ್ಕೆ ಕೈಯೆಟಕುವ ಹಾಗೆ ಹಿಡಿದರು. ಎದುರಿಗೆ ಮೆಟ್ಟಿಲ ಕಲ್ಲು. ಅದು ಕಂಡರೆ ಕೆಳಗಿನದೂ ಕಾಣುತ್ತದೆ. ಕೀರ್ತಿರಾಜ್ ಷೂ ಬಿಚ್ಚಿ, ಪ್ಯಾಂಟು ಮಡಚಿ, ನೀರಿಗಿಳಿದು ಬಗ್ಗಿದ. ಅವನ ಮೀನಖಂಡ ಬೆಳ್ಳಗೆ, ಕೂದಲಿಲ್ಲದೆ, ಮಗುವಿನದರ ಹಾಗಿತ್ತು. ಉಂಗುರ ತಿರುಗಿಸತೊಡಗಿದ. ಪರದೆಯ ಬಿಳಿ ಬೂದಾಯಿತು, ಬೂದು ಮಬ್ಬಾಯಿತು, ಆಮೇಲೆ ಪೂರ್ತಿ ಕಪ್ಪಿಗೆ ಹತ್ತಿರವಾಯಿತು. ಆ ಕಪ್ಪಿನಲ್ಲಿ, ತಳದ ಒಂದು ಮೂಲೆಯಲ್ಲಿ, ಕಲ್ಲಿನ ಅಂಚೊಂದು ಬೆರಳಿನಷ್ಟು ಮೂಡಿತು.

"ಅಲ್ಲೇನೋ ಕಂಡಂಗಾಯ್ತು," ಎಂದಳು ಪುಟ್ಟಲಕ್ಷ್ಮಮ್ಮ.

"ಏನಾಯ್ತು? ಪರದೆ ಏನಾಯ್ತು?" ಎಂದ ಕೀರ್ತಿರಾಜ್ ಕೆಳಗಿನಿಂದ.

"ಕಪ್ಪಗಾಯ್ತು ಸರ್," ಎಂದ ಶಿವಕುಮಾರ್.

"ಕಪ್ಪಾದ್ರೆ ಬೆಳಕೇ ಬರ್ತಿಲ್ಲ ಅಂತ," ಎಂದು ಅವನು ಇನ್ನೂ ತಿರುಗಿಸಿದ. ಕಲ್ಲು ಹೋಯಿತು. ಬೂದು ಬಂತು, ಮತ್ತೆ ಬಿಳಿ. ಮತ್ತೆ ತಿರುಗಿಸಿದ, ಮತ್ತೆ ಆ ಕಪ್ಪನ್ನು ದಾಟಿ ಹೋದ. ಆ ಕಪ್ಪಿನಲ್ಲೇ ನಿಲ್ಲಬೇಕು, ನಿಂತು ಕ್ಯಾಮೆರಾದ ಕಣ್ಣನ್ನು ಇನ್ನಷ್ಟು ಅಗಲ ಮಾಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಹಾಲಿನ ತೊಟ್ಟಿಯ ಮುಂದೆ ಅವನು ಒಂದು ದಿನವೂ ಕೂತವನಲ್ಲ. ಸ್ನೇಹಲತಾ ಕೈಕಟ್ಟಿ ನಿಂತಿದ್ದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಚೆಲುವಯ್ಯ ಕೊಳವೆ ಹಿಡಿದಲ್ಲಿಂದಲೇ, "ಅವ್ವಾ, ನಿಂಗೆ ಗೊತ್ತಿದ್ರೆ ನೀನಾರ ಮಾಡವ್ವ," ಎಂದ. ಅವಳಿಗೆ ಕೇಳಿಸಿತು. ಅವಳು ಕಾಯುತ್ತಿದ್ದದ್ದು ಬೇರೆ ಬಾಯಿಂದ ಬರಬೇಕಾದ ಮಾತಿಗೆ.

ಶಿವಕುಮಾರ್ ಮತ್ತೊಮ್ಮೆ ಮೋಡ ನೋಡಿದ. ಏರಿಯ ಹಿಂಬದಿಯಿಂದ ಒಬ್ಬ ಓಡಿ ಬಂದು ಇನ್ನೊಂದು ಕಡೆ ಮಣ್ಣು ಜಾರಿತು ಎಂದ. "ನಿಮ್ಮ ನಿಮ್ಮ ಜಗಳ ಹಾಸನಕ್ಕೆ ಹೋಗಿ ಆಡ್ಕೊಳ್ಳಿ," ಎಂದು ಶಿವಕುಮಾರ್ ಹಲ್ಲು ಕಡಿದು, ಕೆಲಸಗಾರರ ಕಡೆ ಕೈ ಬೀಸಿ, ಏರಿಯ ಹಿಂಬದಿಗೆ ಓಡಿದ. ಚಕ್ರ ತಿರುಗಲು ಹಿಡಿಯಿತು. ಮೊದಲು ಕಿರ್ರೆಂದು, ಆಮೇಲೆ ತಡೆತಡೆದು.

ಕೀರ್ತಿರಾಜ್ ತಲೆಯೆತ್ತಿ ಸ್ನೇಹಲತಾಳನ್ನು ನೋಡಿದ. ನೀರಿನಲ್ಲಿ ನಿಂತಿದ್ದರಿಂದ ಅವನು ಮೊದಲ ಸಲ ಅವಳಿಗಿಂತ ಕೆಳಗಿದ್ದ. "ನಂಗೆ ಗೊತ್ತಾಗ್ತಿಲ್ಲ ಕಣಮ್ಮ," ಎಂದ, ಅವಳಿಗೊಬ್ಬಳಿಗೇ ಕೇಳಿಸುವಷ್ಟು.

"ಜೋರಾಗಿ ಹೇಳಿ ಸರ್."

"ಸ್ನೇಹಾ."

"ಜೋರಾಗಿ."

"ನನಗೆ ಗೊತ್ತಿಲ್ಲ," ಎಂದ ಅವನು. "ಇದು ನನಗೆ ಗೊತ್ತಿಲ್ಲ. ಇವಳು ಮಾಡಿದ್ದು." ಏರಿಯ ಕೊನೆಯವನಿಗೂ ಕೇಳಿಸಿತು. ಹೇಳಿದ ಮೇಲೆ ಅವನ ಮುಖದಲ್ಲಿ ಅವಳು ಇಷ್ಟು ವರ್ಷ ಕಲ್ಪಿಸಿಕೊಂಡ ಯಾವುದೂ ಇರಲಿಲ್ಲ. ವಯಸ್ಸಾದ ಒಬ್ಬ ಗಂಡಸು ನೀರಿನಲ್ಲಿ ನಿಂತು ಕಾಲಿಗೆ ಕಲ್ಲು ಚುಚ್ಚುತ್ತಿದೆ ಎಂಬಂತೆ ನಿಂತಿದ್ದ. ಅವಳು ನೀರಿಗಿಳಿದಳು. ಉಂಗುರವನ್ನು ತಿರುಗಿಸಿದ್ದು ಕಾಲು ಸುತ್ತು. ಕ್ಯಾಮೆರಾವನ್ನು ಆಳಕ್ಕೆ ಬಿಡಿಸಿ, ಮೇಲೆ ಬಂದು, ಕೀಲಿಮಣೆಯ ಮೇಲೆ ಒದ್ದೆ ಬೆರಳಾಡಿಸಿದಳು. ಕಪ್ಪಿನೊಳಗಿಂದ ತೂಬಿನ ಬಾಯಿ ಎದ್ದು ಬಂತು. ಎಡಗಡೆಯ ಕಲ್ಲು, ಅದರ ಪಕ್ಕದ ಸಂದು, ಸಂದಿನಿಂದ ಮೇಲಕ್ಕೆ ಹತ್ತಿದ ಬಿರುಕು, ಬಿರುಕಿನೊಳಗೆ ಎಳೆದುಕೊಂಡು ಹೋಗುತ್ತಿದ್ದ ಪಾಚಿಯ ಎಳೆಗಳು. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಚಿತ್ರದ ಹಾಗೆ ಸ್ಪಷ್ಟ.

"ಅಲ್ಲೈತೆ," ಎಂದು ಚೆಲುವಯ್ಯ ಕೂಗಿದ. "ಲೇ, ನಿಲ್ಸ್ರಲಾ. ಚಕ್ರ ನಿಲ್ಸ್ರಿ."

ನಿಲ್ಲಿಸಿದರು. ಹಿಂದಕ್ಕೆ ತಿರುಗಿಸಿದರು. ಚೆಲುವಯ್ಯ ಕೊಳವೆಯನ್ನು ತೇಜಶ್ರೀಗೆ ಬಿಟ್ಟು ಅವರೊಂದಿಗೆ ಸೇರಿದ, ಊರಿನ ಇನ್ನಿಬ್ಬರು ಸೇರಿದರು. ಕದ ಸ್ವಲ್ಪ ಇಳಿದು ಓರೆಯಾಗಿ ಸಿಕ್ಕಿಕೊಂಡಿತು. ಇನ್ನೂ ಜೋರು ಹಾಕಿದಾಗ ನೀರಿನೊಳಗೆ ಎಲ್ಲೋ ಕಬ್ಬಿಣ ಮುರಿದ ಸದ್ದು ಬಂತು, ಚಕ್ರ ಹಗುರವಾಗಿ ಸುಮ್ಮನೆ ಸುತ್ತತೊಡಗಿತು. ಏರಿಯ ಆಚೆ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತ ಹೋಗುತ್ತಿತ್ತು. ಪರದೆಯಲ್ಲಿ ಪಾಚಿಯ ಎಳೆಗಳು ಬಿರುಕನ್ನು ಬಿಟ್ಟು ತೂಬಿನ ಬಾಯಿಯ ಕಡೆಗೆ ಹೊರಳಿ ಉದ್ದಕ್ಕೆ ಮಲಗಿದವು. ಸ್ವಲ್ಪ ಹೊತ್ತಿನಲ್ಲಿ ತಳದ ಕೆಸರೆದ್ದು ಅದೂ ಕಾಣದಾಯಿತು.

ಯಾರೂ ಬೈಯಲಿಲ್ಲ. ಶಿವಕುಮಾರ್ ಫೋನಿನಲ್ಲಿ ಯಾರಿಗೋ, "ಎತ್ತಿಸಿಬಿಟ್ಟಿದೀನಿ ಸರ್, ಬೇರೆ ದಾರಿ ಇರಲಿಲ್ಲ," ಎನ್ನುತ್ತಿದ್ದ. ಜನ ಗುಂಪು ಗುಂಪಾಗಿ ಏರಿಯಿಂದ ಇಳಿದರು. ಕೀರ್ತಿರಾಜ್ ಒದ್ದೆ ಕಾಲಿಗೇ ಷೂ ಹಾಕಿಕೊಂಡು ಜೀಪಿನಲ್ಲಿ, ಈ ಸಲ ಹಿಂದಿನ ಸೀಟಿನಲ್ಲಿ, ಹೋಗಿ ಕೂತ. ಪುಟ್ಟಲಕ್ಷ್ಮಮ್ಮ ಲೋಟಗಳನ್ನು ಕೊಡದೊಳಕ್ಕೆ ಹಾಕಿಕೊಂಡು ಸ್ನೇಹಲತಾಳ ಹತ್ತಿರ ಬಂದು ನಿಂತಳು.

"ಈಗ ಕಂಡ್ತಲ್ಲ, ಅದು ಬಂದೇಟ್ಗೇ ಕಾಣ್ತಿತ್ತಾ?"

"ಕಾಣ್ತಿತ್ತು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಪುಟ್ಟಲಕ್ಷ್ಮಮ್ಮ ಕೊಡವನ್ನು ಸೊಂಟಕ್ಕೇರಿಸಿಕೊಂಡಳು. "ಆ ಮೇಷ್ಟ್ರ ಮ್ಯಾಲಿನ ಸಿಟ್ಟಾ?"

"ಹೂಂ."

"ಭಾಳ ಮಾಡಿದ್ನಾ ನಿಂಗೆ?"

ಸ್ನೇಹಲತಾ ತಲೆಯಾಡಿಸಿದಳು. ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು.

"ಮಾಡಿರ್ತಾನೆ ಬುಡು," ಎಂದಳು ಪುಟ್ಟಲಕ್ಷ್ಮಮ್ಮ. "ಅವ್ನ ಗದ್ದೆ ಐತಾ ಇಲ್ಲಿ?"

ಉತ್ತರಕ್ಕೆ ಕಾಯದೆ ಅವಳು ಏರಿಯಿಂದ ಇಳಿದು, ಬದುವಿನ ಮೇಲೆ ಒಂದೇ ವೇಗದಲ್ಲಿ ನಡೆದಳು. ಜೀಪಿನಿಂದ ತೇಜಶ್ರೀ "ಮೇಡಂ" ಎಂದು ಕರೆದಳು. "ನೀವು ಹೊರಡಿ. ನಾನು ಬಸ್ಸಿಗೆ ಬರ್ತೀನಿ," ಎಂದು ಸ್ನೇಹಲತಾ ಹೇಳಿ, ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಹೋದಳು. ಏಕೆಂದು ಅವಳಿಗೇ ಗೊತ್ತಿರಲಿಲ್ಲ. ಕ್ಷಮೆ ಕೇಳಲು ಎಂದುಕೊಂಡರೆ ಮಾತು ಸಿಗುತ್ತಿರಲಿಲ್ಲ. ಗದ್ದೆಗಳಲ್ಲಿ ನೀರು ಆಗಲೇ ತುಂಬಿ ಒಂದರಿಂದ ಒಂದಕ್ಕೆ ದುಮುಕುತ್ತಿತ್ತು. ಇವತ್ತು ಎಲ್ಲರಿಗೂ ಬೇಕಾದ್ದಕ್ಕಿಂತ ಹೆಚ್ಚು ನೀರು. ಭತ್ತ ಸೊಂಟದವರೆಗೆ ಹಸಿರಾಗಿ, ತೃಪ್ತಿಯಿಂದ ತೂಗುತ್ತಿತ್ತು. ಕಟ್ಟಕಡೆಯ ತಾಕಿನಲ್ಲಿ ಪುಟ್ಟಲಕ್ಷ್ಮಮ್ಮ ಸೀರೆ ಎತ್ತಿಕಟ್ಟಿ, ಹೋಗುವ ನೀರನ್ನು ಆದಷ್ಟು ಹಿಡಿದಿಡಲು, ಸನಿಕೆಯಿಂದ ಮಣ್ಣೆತ್ತಿ ಬದು ಏರಿಸುತ್ತಿದ್ದಳು. ಎಷ್ಟು ಹಿಡಿದರೂ ಕೆಲವು ದಿನದ್ದು. ತಲೆಯೆತ್ತದೆ ಹೇಳಿದಳು, "ನಿಂತ್ಕಂಡು ನೋಡ್ಬ್ಯಾಡ. ಆ ಕಡೆಯಿಂದ ಕಟ್ಕೊಂಡು ಬಾ."

ಇನ್ನೊಂದು ಸನಿಕೆ ಇರಲಿಲ್ಲ. ಸ್ನೇಹಲತಾ ಕೆಸರಿಗೆ ಇಳಿದು, ಎರಡೂ ಕೈಯಿಂದ ಮಣ್ಣು ಬಾಚಿ, ಬದು ಒಡೆದು ನೀರು ಹೋಗುತ್ತಿದ್ದ ಗಂಡಿಯ ಮೇಲೆ ಹಾಕಿದಳು. ನೀರು ಅದನ್ನು ಕೊಚ್ಚಿಕೊಂಡು ಹೋಯಿತು. ಮತ್ತೆ ಹಾಕಿದಳು. ಸೊಂಟ ನೋಯತೊಡಗಿತು, ಉಗುರಿನ ಸಂದಿಗೆಲ್ಲ ಮಣ್ಣು ಸೇರಿತು. ದೂರದ ರಸ್ತೆಯಲ್ಲಿ ಜೀಪು ಹೊರಟ ಸದ್ದು ಕೇಳಿಸಿತು. ನನಗೆ ಗೊತ್ತಿಲ್ಲ, ಇವಳು ಮಾಡಿದ್ದು. ಬಗ್ಗಿ ಮಣ್ಣೆತ್ತುವಾಗಲೆಲ್ಲ ಆ ಮಾತು ಕಿವಿಯಲ್ಲಿ ಬರುತ್ತಿತ್ತು. ಅದು ಕಹಿಯಾಗಲಿ ಎಂದು ಅವಳು ಕಾದಳು. ಈ ಹೆಂಗಸಿನ ಬೆನ್ನು ನೋಡುತ್ತ, ಹಾಲುಗಟ್ಟದೆ ಉಳಿಯುವ ತೆನೆಗಳನ್ನು ನೆನೆಯುತ್ತ, ಬೇಕೆಂದೇ ಕಾದಳು. ಆಗಲಿಲ್ಲ. ಅದು ಸಿಹಿಯಾಗಿಯೇ ಇತ್ತು.